ಅಪ್ಪ ಹಾರ್ಡ್‌ಕೋರ್ ಶೋಗೆ ಬಂದ ದಿನ

ಪಂಕ್ ರಾಕ್ ಸಂಗೀತದಲ್ಲೇ ಇನ್ನೂ ವೇಗದ, ಇನ್ನೂ ಗಡುಸಾದ ಹಾರ್ಡ್‌ಕೋರ್ ಪಂಕ್ ಅಂದ್ರೆ ನನಗೆ ಪ್ರಾಣ. ಅದರಲ್ಲೂ ನಾನಿರುವ ವಾಷಿಂಗ್ಟನ್ ಡಿಸಿಯ ಬ್ಯಾಂಡ್‌ಗಳು ಅಂದ್ರೆ ಇನ್ನೂ ಜಾಸ್ತಿ. ಸ್ಟೇಡಿಯಂ ತುಂಬಿಸುವ ದೊಡ್ಡ ಬ್ಯಾಂಡ್‌ಗಳ ಮೇಲೆ ನನಗೇನೂ ಕೋಪವಿಲ್ಲ. ಆದರೆ ಬೆಳಗ್ಗೆ ನನ್ನ ಸೈಕಲ್ಲಿಗೆ ಪಂಕ್ಚರ್ ಹಾಕಿಕೊಟ್ಟ ಹುಡುಗ, ಅದೇ ರಾತ್ರಿ ನನ್ನಿಂದ ಎರಡು ಅಡಿ ದೂರದಲ್ಲಿ ನಿಂತು ಗಂಟಲು ಹರಿದುಹೋಗುವ ಹಾಗೆ ಹಾಡ್ತಾನಲ್ಲ, ಆ ಖುಷಿ ಬೇರೆಲ್ಲೂ ಸಿಕ್ಕಿಲ್ಲ. ವೇದಿಕೆ ಇರುವುದಿಲ್ಲ. ಬ್ಯಾಂಡ್ ನಿಂತಿರುವ ನೆಲದ ಮೇಲೇ ನಾವೂ ನಿಂತಿರುತ್ತೇವೆ. ಒಂದೊಂದು ಹಾಡು ಒಂದು ನಿಮಿಷ, ಹೆಚ್ಚೆಂದರೆ ಎರಡು. ಪದ ಗೊತ್ತಿದ್ದವರು ಮುಂದೆ ನುಗ್ಗಿ ಮೈಕ್ ಹಿಡಿದು ತಾವೇ ಹಾಡುತ್ತಾರೆ. ಇಪ್ಪತ್ತು ನಿಮಿಷದಲ್ಲಿ ಒಂದು ಬ್ಯಾಂಡಿನ ಸರದಿ ಮುಗಿದಿರುತ್ತದೆ.

ಹೋದ ವರ್ಷ ಬೇಸಿಗೆಯಲ್ಲಿ ಅಪ್ಪ ಅಮ್ಮ ತಿಪಟೂರಿನಿಂದ ಬಂದಿದ್ದರು. ಒಂದು ಶನಿವಾರ ಅಮ್ಮ ಇಲ್ಲಿನ ಕನ್ನಡದವರ ಮನೆಗೆ ಭಜನೆಗೆ ಹೋದರು. ಅಪ್ಪನಿಗೆ ಒಬ್ಬರೇ ಮನೆಯಲ್ಲಿ ಕೂರುವುದು ಆಗದ ಮಾತು. ಕೆಲಸ ಮಾಡುವಷ್ಟು ಕಾಲ ಕಂಬ ಹತ್ತಿದವರು, ಲೈನ್‌ಮನ್ ಆಗಿದ್ದವರು. ಇಲಾಖೆಯ ಹೆಸರು ಎಷ್ಟು ಸಲ ಬದಲಾದರೂ ನಮ್ಮ ಮನೆಯಲ್ಲಿ ಈಗಲೂ ಅದು ಕೆಇಬಿಯೇ.

"ಎಲ್ಲಿಗೆ ಹೊರಟೆ?"

"ಒಂದು ಮ್ಯೂಸಿಕ್ ಪ್ರೋಗ್ರಾಂ ಇದೆ ಅಪ್ಪಾ. ಚರ್ಚಿನ ನೆಲಮಾಳಿಗೆಯಲ್ಲಿ. ತುಂಬಾ ಸೌಂಡ್ ಇರುತ್ತೆ."

"ಇರ್ಲಿ ಬಿಡು, ನಾನೂ ಬರ್ತೀನಿ."

ಸಿಲ್ವರ್ ಸ್ಪ್ರಿಂಗ್‌ನಲ್ಲಿ ರೆಡ್ ಲೈನ್ ಮೆಟ್ರೋ ಹತ್ತಿದೆವು. ದಾರಿಯುದ್ದಕ್ಕೂ ನನ್ನದೇ ಮಾತು. ಈ ವಿಷಯ ಬಂದರೆ ನನ್ನ ಬಾಯಿ ನಿಲ್ಲುವುದಿಲ್ಲ. ಇಲ್ಲಿನ ಹಾರ್ಡ್‌ಕೋರ್‌ಗೆ ದಾರಿ ಹಾಕಿಕೊಟ್ಟವರು ಬ್ಯಾಡ್ ಬ್ರೈನ್ಸ್ ಅನ್ನುವ ನಾಲ್ವರು ಕರಿಯ ಹುಡುಗರು. ಶುರುವಿನಲ್ಲಿ ಜಾಝ್ ಫ್ಯೂಷನ್ ನುಡಿಸುತ್ತಿದ್ದವರು, ಆಮೇಲೆ ಪಂಕ್ ಹಿಡಿದರು. ಅಷ್ಟು ವೇಗವಾಗಿ, ಅಷ್ಟು ಅಚ್ಚುಕಟ್ಟಾಗಿ ನುಡಿಸುವುದನ್ನು ನೋಡಿ ಊರಿನ ಬೇರೆ ಹುಡುಗರಿಗೆ ಹುಚ್ಚು ಹಿಡಿಯಿತು. ಆ ಹುಡುಗರಲ್ಲಿ ಒಬ್ಬ ಇಯಾನ್ ಮಕಾಯ್. ಅವನೂ ಜೆಫ್ ನೆಲ್ಸನ್ನೂ ಇದ್ದ ಟೀನ್ ಐಡಲ್ಸ್ ಬ್ಯಾಂಡ್ 1980ರಲ್ಲಿ ಒಡೆಯಿತು. ಶೋಗಳಿಂದ ಕೂಡಿಟ್ಟ ಸುಮಾರು 600 ಡಾಲರ್ ಉಳಿದಿತ್ತು. ಅದನ್ನು ಹಂಚಿಕೊಳ್ಳುವ ಬದಲು ಆ ದುಡ್ಡಲ್ಲೇ ತಮ್ಮ ಹಾಡುಗಳ ಒಂದು ರೆಕಾರ್ಡ್ ಹೊರತಂದರು. ಅದರ ರಟ್ಟಿನ ಕವರುಗಳನ್ನು ತಾವೇ ಕೂತು ಕತ್ತರಿಸಿ, ಮಡಚಿ, ಅಂಟಿಸಿದರು. ಡಿಸ್ಕಾರ್ಡ್ ರೆಕಾರ್ಡ್ಸ್ ಹುಟ್ಟಿದ್ದು ಹಾಗೆ. ಇವತ್ತಿಗೂ ಅದು ಡಿಸಿ ಸುತ್ತಮುತ್ತಲ ಬ್ಯಾಂಡ್‌ಗಳದ್ದೇ ಕಂಪನಿ.

ಅಪ್ಪ ಎಲ್ಲಾ ಕೇಳಿಸಿಕೊಂಡು, "ಟಿಕೆಟ್ ಎಷ್ಟು?" ಅಂದರು.

ಅದಕ್ಕೂ ನನ್ನ ಹತ್ತಿರ ಕಥೆ ಇತ್ತು. ಮಕಾಯ್ ಆಮೇಲೆ 1987ರಲ್ಲಿ ಕಟ್ಟಿದ ಫುಗಾಜಿ ಬ್ಯಾಂಡ್, ಎಷ್ಟು ಹೆಸರಾದರೂ ಟಿಕೆಟ್ಟನ್ನು ಐದು ಡಾಲರ್ ಆಸುಪಾಸಿನಲ್ಲೇ ಇಡಲು ಹಟ ಹಿಡಿಯುತ್ತಿತ್ತು. ಯಾವ ವಯಸ್ಸಿನವರಾದರೂ ಒಳಗೆ ಬರುವಂತಿರಬೇಕು ಅನ್ನುವುದು ಇನ್ನೊಂದು ಹಟ. ಎಷ್ಟೋ ಬಾರ್‌ಗಳಲ್ಲಿ ಶೋ ಇಟ್ಟರೆ 21 ತುಂಬದವರು ಹೊರಗೇ ಉಳಿಯಬೇಕಾಗುತ್ತದೆ. ಅದಕ್ಕೇ ಈ ಊರಿನಲ್ಲಿ ಚರ್ಚ್ ಹಾಲ್, ಸಮುದಾಯ ಭವನ, ಮನೆಗಳ ನೆಲಮಾಳಿಗೆ ಹುಡುಕಿಕೊಂಡು ಹೋಗುವುದು. 1980ರ ಹೊತ್ತಿಗೆ ಕ್ಲಬ್ಬುಗಳು ಚಿಕ್ಕ ಹುಡುಗರ ಕೈ ಮೇಲೆ ದಪ್ಪಗೆ ಒಂದು ಎಕ್ಸ್ ಗುರುತು ಬರೆದು ಒಳಗೆ ಬಿಡುತ್ತಿದ್ದವು, ಇವರಿಗೆ ಮದ್ಯ ಕೊಡಬೇಡಿ ಅಂತ. ಹುಡುಗರು ಅದನ್ನೇ ಹೆಮ್ಮೆಯ ಗುರುತು ಮಾಡಿಕೊಂಡರು. ಮಕಾಯ್‌ನದೇ ಇನ್ನೊಂದು ಬ್ಯಾಂಡ್ ಮೈನರ್ ಥ್ರೆಟ್‌ನ 'ಸ್ಟ್ರೈಟ್ ಎಡ್ಜ್' ಅನ್ನುವ 45 ಸೆಕೆಂಡಿನ ಹಾಡಿನಿಂದ, ಕುಡಿಯದೆ, ಸೇದದೆ, ಡ್ರಗ್ಸ್ ಮುಟ್ಟದೆ ಬದುಕುವ ಒಂದು ದೊಡ್ಡ ಗುಂಪೇ ಜಗತ್ತಿನ ತುಂಬಾ ಬೆಳೆಯಿತು.

"ಅಂದ್ರೆ ಇವರು ಯಾರೂ ಕುಡಿಯಲ್ವಾ?"

"ಎಲ್ಲರೂ ಅಂತಲ್ಲ ಅಪ್ಪಾ. ಸುಮಾರು ಜನ."

ಬೀಡಿ ಕೂಡ ಮುಟ್ಟದ ಅಪ್ಪನಿಗೆ ಇಷ್ಟು ಸಾಕಾಯಿತು. ಮೆಟ್ರೋ ಇಳಿಯುವಾಗ ಅವರ ನಡಿಗೆಯಲ್ಲೇ ಒಂದು ಹುರುಪಿತ್ತು.

ಬಾಗಿಲಲ್ಲಿ ಒಂದು ಹುಡುಗಿ ಡಬ್ಬ ಇಟ್ಟುಕೊಂಡು ಕೂತಿದ್ದಳು. ಹತ್ತು ಡಾಲರ್, ಇಲ್ಲದಿದ್ದರೆ ಕೈಲಾದಷ್ಟು. ಅಪ್ಪನ ಮುಂಗೈಗೂ ಸೀಲ್ ಒತ್ತಿದಳು. ನಾನು ಸ್ಪಂಜಿನ ಇಯರ್‌ಪ್ಲಗ್ ಹಿಸುಕಿ, ಸಣ್ಣಗೆ ಹೊಸೆದು ಅವರ ಕಿವಿಗೆ ಇಟ್ಟೆ. ಒಳಗೆ ತಗ್ಗು ಸೂರಿನ ಹಾಲ್. ಹನ್ನೆರಡು ವರ್ಷದ ಮಕ್ಕಳು ಅಮ್ಮಂದಿರ ಜೊತೆ ಬಂದಿದ್ದರು. ತಲೆ ಬೆಳ್ಳಗಾದವರೂ ಇದ್ದರು, ಹರೆಯದಲ್ಲಿ ಮೈನರ್ ಥ್ರೆಟ್ ನೋಡಿದವರು. ಹಿಂದಿನ ಗೋಡೆಗೆ ಆತುಕೊಂಡಿದ್ದ ಮೇಜಿನ ಮೇಲೆ ಕ್ಯಾಸೆಟ್, ಟೀ ಶರ್ಟ್, ಕೈಯಲ್ಲಿ ಬರೆದು ಜೆರಾಕ್ಸ್ ಮಾಡಿಸಿದ ಪುಟ್ಟ ಪತ್ರಿಕೆಗಳು, ಒಂದು ದೊಡ್ಡ ಸ್ಟೀಲಿನ ಕಾಫಿ ಬಾಯ್ಲರ್. ಅಪ್ಪನಿಗೆ ಕೂರಲು ಕುರ್ಚಿ ಹಾಕಿಕೊಟ್ಟು ನಾನು ಮುಂದೆ ಹೋದೆ.

ಮೊದಲ ಬ್ಯಾಂಡ್ ಎರಡನೇ ಹಾಡು ಎತ್ತಿಕೊಂಡಿತ್ತು ಅಷ್ಟೆ. ಟಪ್ ಅಂತ ಕರೆಂಟ್ ಹೋಯಿತು. ಡ್ರಮ್ ಒಂದೇ ಸ್ವಲ್ಪ ಹೊತ್ತು ಓಡಿ ನಿಂತಿತು. ಬಾಗಿಲ ಮೇಲಿನ ಕೆಂಪು ಎಕ್ಸಿಟ್ ದೀಪ ಬಿಟ್ಟರೆ ಕತ್ತಲೆ. ಯಾರೋ ಓಡಿಹೋಗಿ ಬ್ರೇಕರ್ ಎತ್ತಿ ಬಂದರು. ಇನ್ನರ್ಧ ಹಾಡು. ಮತ್ತೆ ಟಪ್.

ಹಿಂತಿರುಗಿ ನೋಡಿದರೆ ಕುರ್ಚಿ ಖಾಲಿ. ಅಪ್ಪ ಫೋನಿನ ಟಾರ್ಚ್ ಹಾಕಿಕೊಂಡು, ಕಂಬದ ಪಕ್ಕದ ಪ್ಲಗ್ ಬೋರ್ಡಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಕೈಯ ಹಿಂಬದಿಯನ್ನು ಒಂದೊಂದು ಪ್ಲಗ್ಗಿನ ಹತ್ತಿರ ತಂದು ಬಿಸಿ ನೋಡುತ್ತಿದ್ದರು. ಅಂಗೈ ಮುಟ್ಟಿಸುವುದಿಲ್ಲ ಅವರು. ಅಂಗೈಗೆ ಶಾಕ್ ಹೊಡೆದರೆ ಬೆರಳು ಮಡಚಿಕೊಂಡು ತಂತಿಯನ್ನೇ ಹಿಡಿದುಬಿಡುತ್ತದೆ ಅಂತ ನನಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು. ಸೌಂಡ್ ನೋಡಿಕೊಳ್ಳುವ ಹುಡುಗಿ ಅವರ ಪಕ್ಕದಲ್ಲೇ ಮಂಡಿಯೂರಿದ್ದಳು. ಅಪ್ಪನ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ "ಲೋಡ್", "ಲೈನ್", "ಹೀಟರ್" ಅಂದರೆ ಎಲ್ಲಾ ದೇಶದಲ್ಲೂ ಅರ್ಥವಾಗುತ್ತದೆ.

"ಏನಮ್ಮಾ ಇದು, ಎಲ್ಲಾ ಒಂದೇ ಲೈನಿಗೆ ಹಾಕವ್ರೆ," ಅಂದರು ನನಗೆ. "ಆ ಕಾಫಿ ಬಾಯ್ಲರೂ ಇದರಲ್ಲೇ ಐತೆ. ಅದೊಂದೇ ಸಾವಿರದೈನೂರು ವ್ಯಾಟ್ ಎಳೀತದೆ. ನಮ್ಮಲ್ಲಿ 230 ವೋಲ್ಟು, ಇಲ್ಲಿ 120. ಅದೇ ಬಾಯ್ಲರಿಗೆ ಇಲ್ಲಿ ಆಂಪಿಯರ್ ಡಬ್ಬಲ್ ಬೇಕಲ್ವಾ? ತಡೆಯೋದು ಹೆಂಗೆ?"

ನಾನು ಅನುವಾದ ಮಾಡಿದೆ. ಬಾಯ್ಲರ್ ಅಡುಗೆಮನೆಗೆ ಹೋಯಿತು. ಬಾಸ್ ಆಂಪ್ಲಿಫೈಯರಿಗೆ ಆಚೆ ಗೋಡೆಯಿಂದ, ಬೇರೆ ಬ್ರೇಕರಿನಿಂದ ಲೈನ್ ಎಳೆದರು. ಬ್ರೇಕರ್ ಬೋರ್ಡಿನ ಬಾಗಿಲಲ್ಲಿ ಅಂಟಿಸಿದ್ದ ಮಾಸಿದ ಚೀಟಿಯನ್ನು ಟಾರ್ಚ್ ಬೆಳಕಲ್ಲಿ ಓದಿ, ಯಾವ ಬ್ರೇಕರ್ ಯಾವ ಗೋಡೆಗೆ ಅಂತ ಒಂದೊಂದೇ ಇಳಿಸಿ ಎತ್ತಿ ಖಾತ್ರಿ ಮಾಡಿಕೊಂಡ ಮೇಲೇ ಅಪ್ಪ "ಹ್ಞೂಂ, ಹೊಡೀರಿ ಈಗ" ಅಂದದ್ದು. ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು. ಗಾಯಕ ಮೈಕಿನಲ್ಲಿ, "ಮುಂದಿನ ಹಾಡು ಅಂಕಲ್‌ಗೆ" ಅಂದ. ಆಮೇಲೆ ಇಡೀ ರಾತ್ರಿ ಒಂದು ಸಲವೂ ಟ್ರಿಪ್ ಆಗಲಿಲ್ಲ.

ಎರಡನೇ ಬ್ಯಾಂಡಿಗೆ ನಾನು ಪಿಟ್‌ಗೆ, ಅಂದರೆ ಬ್ಯಾಂಡಿನ ಮುಂದೆ ಜನ ಕುಣಿಯುವ ಜಾಗಕ್ಕೆ, ಇಳಿದೆ. ಹೊರಗಿನಿಂದ ನೋಡಿದವರಿಗೆ ಅದು ಹೊಡೆದಾಟ ಅನ್ನಿಸುತ್ತದೆ. ಕೈಕಾಲು ಬೀಸುತ್ತಾ ಸುತ್ತು ಓಡುವುದು, ಭುಜಕ್ಕೆ ಭುಜ ಕೊಡುವುದು. ಒಳಗೆ ಕಟ್ಟುನಿಟ್ಟಾದ ರೀತಿ ರಿವಾಜು ಇದೆ. ಬಿದ್ದವರನ್ನು ತಕ್ಷಣ ಎತ್ತಬೇಕು. ಅವತ್ತು ನನ್ನ ಕನ್ನಡಕ ಹಾರಿಹೋಯಿತು. ಎರಡೇ ಕ್ಷಣದಲ್ಲಿ ಒಬ್ಬ ದಡೂತಿ ಆಸಾಮಿ ನೆಲಕ್ಕೆ ಬಗ್ಗಿದ, ಇಬ್ಬರು ಅವನ ಸುತ್ತ ಕೈ ಚಾಚಿ ಗೋಡೆಯಂತೆ ನಿಂತರು. ಕನ್ನಡಕವನ್ನು ತಲೆಯ ಮೇಲೆ ಎತ್ತಿ ಹಿಡಿದು, ನಾನು ತೆಗೆದುಕೊಳ್ಳುವವರೆಗೂ ಅವನು ಕೈ ಇಳಿಸಲಿಲ್ಲ.

ಇದೆಲ್ಲಾ ಮೊದಲಿನಿಂದ ಹೀಗೇ ಇತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. 80ರ ದಶಕದ ಮೊದಲಲ್ಲಿ ಪಿಟ್ ಗಂಡುಹುಡುಗರದ್ದು, ನಿಜವಾದ ಹೊಡೆದಾಟಗಳೂ ಆಗುತ್ತಿದ್ದವು. ಅದರಿಂದ ಬೇಸತ್ತ ಈ ಊರಿನವರೇ 1985ರಲ್ಲಿ ಹೊಸ ಬ್ಯಾಂಡ್‌ಗಳನ್ನು ಕಟ್ಟಿ, ಪ್ರತಿಭಟನೆಗಳಲ್ಲಿ ಸೇರಿ ದಿಕ್ಕು ಬದಲಿಸಲು ನೋಡಿದರು. ಅದಕ್ಕೆ 'ರೆವಲ್ಯೂಷನ್ ಸಮ್ಮರ್' ಅಂತ ಹೆಸರು. ಫೈರ್ ಪಾರ್ಟಿ ಅನ್ನುವ ಹೆಂಗಸರದ್ದೇ ಬ್ಯಾಂಡ್ ಬಂತು. 1991ರ ಬೇಸಿಗೆಯಲ್ಲಿ ಬಿಕಿನಿ ಕಿಲ್, ಬ್ರ್ಯಾಟ್‌ಮೊಬೈಲ್ ಬ್ಯಾಂಡ್‌ಗಳ ಹುಡುಗಿಯರು ಇಲ್ಲೇ ಇದ್ದು ರಾಯಟ್ ಗರ್ಲ್ ಅನ್ನುವ ಹೆಣ್ಣುಮಕ್ಕಳ ಪಂಕ್ ಚಳವಳಿ ಶುರು ಮಾಡಿದರು. ಹುಡುಗಿಯರು ಮುಂದೆ ಬನ್ನಿ ಅಂತ ಕೂಗಿ ಕರೆದರು. ಐದಡಿಯ ನಾನು ಇವತ್ತು ಎಲ್ಲರಿಗಿಂತ ಮುಂದೆ, ಗಿಟಾರಿನ ತಂತಿ ಕಾಣುವಷ್ಟು ಹತ್ತಿರ, ಹೆದರಿಕೆ ಇಲ್ಲದೆ ನಿಲ್ಲುತ್ತೇನೆ ಅಂದರೆ ಅದಕ್ಕಾಗಿ ಗುದ್ದಾಡಿದವರು ಅವರು. ಅವರ ಋಣ ನನ್ನ ಮೇಲಿದೆ.

ಶೋ ಮುಗಿದ ಮೇಲೆ ಅಪ್ಪ ಕೇಳಿದ ಪ್ರಶ್ನೆ, "ಇವರಿಗೆಲ್ಲಾ ದುಡ್ಡು ಯಾರು ಕೊಡ್ತಾರೆ?" ಡಬ್ಬದ ದುಡ್ಡಲ್ಲಿ ಹಾಲಿನ ಬಾಡಿಗೆ ಹೋಗಿ, ಹೊರಗಿನ ಊರಿಂದ ಬಂದ ಬ್ಯಾಂಡಿಗೆ ಪೆಟ್ರೋಲ್ ಖರ್ಚು ಕೊಟ್ಟರೆ ಮುಗೀತು. ಊರಿನ ಬ್ಯಾಂಡ್‌ಗಳು ಏನೂ ತೆಗೆದುಕೊಳ್ಳಲಿಲ್ಲ. ಎಲ್ಲರಿಗೂ ಬೇರೆ ನೌಕರಿ ಇದೆ. ಆಂಪ್ಲಿಫೈಯರ್ ಕೊಳ್ಳುವುದೂ ಕೈಯಿಂದಲೇ. ಅಪ್ಪ ತಲೆ ಆಡಿಸಿದರು. ನಮ್ಮ ಕಡೆ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುವುದು ಹೀಗೇ. ಪಾತ್ರ ಬೇಕಾದವರು ಕೈಯಿಂದ ದುಡ್ಡು ಹಾಕಿ, ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಕಲಿತು, ಬಾಡಿಗೆ ಡ್ರೆಸ್ ಹಾಕಿಕೊಂಡು ಒಂದು ರಾತ್ರಿ ದುರ್ಯೋಧನ ಆಗುತ್ತಾರೆ. ಬೆಳಗಾದರೆ ತೋಟಕ್ಕೆ ನೀರು ಬಿಡಲು ಹೋಗುತ್ತಾರೆ. ಎಷ್ಟೋ ನಾಟಕಗಳಿಗೆ ಲೈಟಿನ ಲೈನ್ ಎಳೆದುಕೊಟ್ಟದ್ದು ಅಪ್ಪನೇ.

ಹಾಗಾಗಿ ಕುರ್ಚಿ ಮಡಚುವಾಗ, ನೆಲ ಗುಡಿಸುವಾಗ ಅವರು ಸುಮ್ನೆ ನಿಲ್ಲಲಿಲ್ಲ. ಒಂದು ಉದ್ದದ ಮೈಕ್ ಕೇಬಲ್ ತೆಗೆದುಕೊಂಡು ಹೆಬ್ಬೆರಳು ಮೊಣಕೈ ನಡುವೆ ಸರಸರ ಸುತ್ತತೊಡಗಿದರು. ಸೌಂಡ್ ಹುಡುಗಿ ಓಡಿ ಬಂದಳು. ಹಾಗೆ ಸುತ್ತಿದರೆ ಒಳಗಿನ ತಂತಿ ತಿರುಚಿಕೊಂಡು ಬೇಗ ಹಾಳಾಗುತ್ತದಂತೆ. ಒಂದು ಸುತ್ತು ಮೇಲಿನಿಂದ, ಇನ್ನೊಂದು ಸುತ್ತು ಕೈ ಒಳಗೆ ತಿರುಗಿಸಿ ಕೆಳಗಿನಿಂದ. ಆಗ ಕೇಬಲ್ ಎಸೆದರೆ ಗಂಟಿಲ್ಲದೆ ನೆಟ್ಟಗೆ ಬಿಚ್ಚಿಕೊಳ್ಳುತ್ತದೆ. ಅವಳು ಮಾಡಿ ತೋರಿಸಿದಳು. ಅಪ್ಪ ಬಿಚ್ಚಿ ಮತ್ತೆ ಸುತ್ತಿದರು. ಮತ್ತೆ ಬಿಚ್ಚಿದರು. ಮೂರನೇ ಸಲಕ್ಕೆ ಕೈ ಕೂತಿತು. ಅವಳು ಕೇಬಲ್‌ನ ಒಂದು ತುದಿ ಹಿಡಿದು ಸುರುಳಿಯನ್ನು ಹಾಲಿನ ಉದ್ದಕ್ಕೆ ಎಸೆದಳು. ಗಂಟಿಲ್ಲದೆ ಬಿಚ್ಚಿಕೊಂಡಿತು. ಅಪ್ಪ ಉಳಿದ ಕೇಬಲ್‌ಗಳನ್ನೆಲ್ಲಾ ತಾವೇ ಸುತ್ತಿ ಪೆಟ್ಟಿಗೆಗೆ ಹಾಕಿದರು.

ಅವರು ಊರಿಗೆ ಹೋಗಿ ತುಂಬಾ ದಿನವಾಯಿತು. ಮೊನ್ನೆ ಜಾತ್ರೆಯಲ್ಲಿ ಮೈಕ್ ಸೆಟ್ ಹುಡುಗನಿಗೆ ಅದೇ ಸುತ್ತು ಕಲಿಸುತ್ತಿರುವ ವೀಡಿಯೊ ಕಳಿಸಿದ್ದರು. ನಾನು ಅದನ್ನು ಸೌಂಡ್ ಹುಡುಗಿಗೆ ಕಳಿಸಿದೆ. ಬರುವ ಶನಿವಾರ ಅದೇ ನೆಲಮಾಳಿಗೆಯಲ್ಲಿ ನಾಲ್ಕು ಬ್ಯಾಂಡ್‌ಗಳಿವೆ. ಬಾಗಿಲಲ್ಲಿ ಡಬ್ಬ ಹಿಡಿದು ಕೂರುವ ಸರದಿ ನನ್ನದು. ಅದಕ್ಕೂ ಮೊದಲು ಹೋಗಿ, ಕಾಫಿ ಬಾಯ್ಲರನ್ನು ಅಡುಗೆಮನೆಯ ಪ್ಲಗ್ಗಿಗೇ ಹಾಕಿದ್ದಾರಾ ಅಂತ ನೋಡಬೇಕು.