ಕಟ್ಟಾ ಮತದಾರರ ಮಾತು ನಡೆಯುವುದು ಬಿ ಫಾರಂ ಬರುವ ಮುಂಚೆ

"ನಮ್ಮದು ಅಜ್ಜನ ಕಾಲದಿಂದ ಆ ಪಕ್ಷದ ಮನೆ" ಅನ್ನುವವರನ್ನು ಕಂಡರೆ ಓದಿದವರಲ್ಲಿ ಒಂದು ತಾತ್ಸಾರ ಇದೆ. ಈ ತಾತ್ಸಾರ ಸರಿಯಲ್ಲ. ಒಂದು ಕ್ಷೇತ್ರದಲ್ಲಿ ಹತ್ತು ಹನ್ನೆರಡು ಜನ ಕಣದಲ್ಲಿರುತ್ತಾರೆ. ಒಬ್ಬೊಬ್ಬರ ನಿಲುವನ್ನೂ ಅಳೆದು ತೂಗಿ ನೋಡಲು ದುಡಿದು ತಿನ್ನುವವರಿಗೆ ಬಿಡುವೆಲ್ಲಿ? ಪಕ್ಷದ ಗುರುತು ನೋಡಿದರೆ ಭೂಮಿ, ಮೀಸಲಾತಿ, ಸಹಾಯಧನ, ತೆರಿಗೆ ಇವುಗಳಲ್ಲಿ ಹೆಚ್ಚುಕಡಿಮೆ ಯಾರು ಯಾವ ಕಡೆ ಅನ್ನುವುದು ತಿಳಿಯುತ್ತದೆ. ನಿಷ್ಠೆ ಇರಲಿ. ಅದನ್ನು ಯಾವಾಗ ಬಳಸುತ್ತೇವೆ ಅನ್ನುವುದರಲ್ಲಿ ನಾವು ಎಡವುತ್ತಿದ್ದೇವೆ.

ಈ ನಿಷ್ಠೆ ಎಷ್ಟು ಗಟ್ಟಿ ಅನ್ನುವುದಕ್ಕೆ 2018 ಮತ್ತು 2023ರ ವಿಧಾನಸಭಾ ಚುನಾವಣೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಬಿಜೆಪಿಗೆ ಎರಡರಲ್ಲೂ ಬಿದ್ದದ್ದು ಶೇ. 36ರ ಆಸುಪಾಸಿನ ಮತ. ಸೀಟು ಮಾತ್ರ 104ರಿಂದ 66ಕ್ಕೆ ಇಳಿಯಿತು. ಕಾಂಗ್ರೆಸ್ ಶೇ. 38ರಿಂದ ಸುಮಾರು 43ಕ್ಕೆ ಏರಿತು, 135 ಸೀಟು ಗೆದ್ದಿತು. ಜೆಡಿಎಸ್ ಶೇ. 18ರಿಂದ 13ಕ್ಕೆ ಬಂತು. ನೂರರಲ್ಲಿ ಐದು ಮತ ಆಚೀಚೆ ಆದದ್ದಕ್ಕೆ ಸರ್ಕಾರವೇ ಬದಲಾಯಿತು. ಬಿಜೆಪಿಯ ಒಟ್ಟು ಮತ ಅಷ್ಟೇ ಇದೆ ಎಂದಮಾತ್ರಕ್ಕೆ ಹಾಕಿದವರೂ ಅವರೇ ಎಂದುಕೊಳ್ಳಬಾರದು. ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಬಂದು ಲೆಕ್ಕ ಸರಿಹೋಗಿರುತ್ತದೆ.

ನಿಷ್ಠೆ ಚುನಾವಣೆಯಿಂದ ಚುನಾವಣೆಗೆ ಬೇರೆಯಾಗುವುದೂ ಇಲ್ಲಿ ಹಳೆಯದು. 1984ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಕಾಂಗ್ರೆಸ್‌ಗೆ 28ರಲ್ಲಿ 24 ಸೀಟು ಕೊಟ್ಟ ರಾಜ್ಯ ಇದು. ಆಗ ಮುಖ್ಯಮಂತ್ರಿಯಾಗಿದ್ದ ಜನತಾ ಪಕ್ಷದ ರಾಮಕೃಷ್ಣ ಹೆಗಡೆ ಆ ಸೋಲಿನ ಹೊಣೆ ಹೊತ್ತು ರಾಜೀನಾಮೆ ಕೊಟ್ಟು ಹೊಸದಾಗಿ ಜನರ ಮುಂದೆ ಬಂದರು. ಮೂರೇ ತಿಂಗಳಲ್ಲಿ, 1985ರ ಮಾರ್ಚ್‌ನಲ್ಲಿ, ಅದೇ ಜನ ಜನತಾ ಪಕ್ಷಕ್ಕೆ ವಿಧಾನಸಭೆಯ 224ರಲ್ಲಿ 139 ಸೀಟು ಕೊಟ್ಟರು. ದೆಹಲಿಗೊಂದು, ಬೆಂಗಳೂರಿಗೊಂದು ಎಂದು ಬೇರೆ ಬೇರೆ ತಕ್ಕಡಿಯಲ್ಲಿ ತೂಗುವುದು ನಮ್ಮ ಮತದಾರರಿಗೆ ಚೆನ್ನಾಗಿ ಗೊತ್ತು.

"ಪಕ್ಷ ನೋಡಬೇಡಿ, ವ್ಯಕ್ತಿ ನೋಡಿ" ಎಂಬ ಉಪದೇಶದಲ್ಲಿ ಅರ್ಧ ಸತ್ಯವಿದೆ. ಶಾಸಕರು ಸದನದೊಳಗೆ ಹೋದಮೇಲೆ ಪಕ್ಷ ವಿಪ್ (ಹೀಗೇ ಮತ ಹಾಕಿ ಎಂಬ ಆದೇಶ) ಕೊಟ್ಟರೆ ಅದರಂತೆಯೇ ಮತ ಹಾಕಬೇಕು. ಸಂವಿಧಾನದ ಹತ್ತನೇ ಅನುಸೂಚಿ, ಅಂದರೆ 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾಯ್ದೆ, ಹೇಳುವುದು ಅದನ್ನೇ. ಅನುಮತಿಯಿಲ್ಲದೆ ವಿಪ್ ಮೀರಿದರೆ, ಮತ ಹಾಕದೆ ಸುಮ್ಮನೆ ಕೂತರೂ, ಪಕ್ಷ 15 ದಿನದೊಳಗೆ ಮನ್ನಿಸದಿದ್ದರೆ ಅನರ್ಹತೆಯ ಕತ್ತಿ ತೂಗುತ್ತದೆ. ಎಷ್ಟು ಒಳ್ಳೆಯವರನ್ನು ಆರಿಸಿ ಕಳಿಸಿದರೂ ಬಜೆಟ್ಟಿಗೆ, ವಿಶ್ವಾಸಮತಕ್ಕೆ ಅವರ ಕೈ ಎತ್ತಿಸುವುದು ಪಕ್ಷ.

ಹಾಗಂತ ವ್ಯಕ್ತಿ ಯಾರಾದರೇನು ಎಂದು ಬಿಡುವಂತೆಯೂ ಇಲ್ಲ. 2019ರ ಜುಲೈ 23ರಂದು ಕಾಂಗ್ರೆಸ್–ಜೆಡಿಎಸ್ ಸಮ್ಮಿಶ್ರ ಸರ್ಕಾರ 99–105ರಿಂದ ವಿಶ್ವಾಸಮತ ಸೋತದ್ದು ನೆನಪಿರಬಹುದು. ಅದರ ಬೆನ್ನಿಗೆ, ಆ ಸರ್ಕಾರದ ಕೈ ಬಿಟ್ಟಿದ್ದ 17 ಶಾಸಕರು ಅನರ್ಹರಾದರು. ಸುಪ್ರೀಂ ಕೋರ್ಟ್ ನವೆಂಬರ್ 13ರಂದು ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ವಿಧಾನಸಭೆಯ ಅವಧಿ ಮುಗಿಯುವವರೆಗೆ ನಿಲ್ಲುವಂತಿಲ್ಲ ಎಂಬ ಭಾಗವನ್ನು ತೆಗೆದುಹಾಕಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆದು ಬಿಜೆಪಿ 12 ಗೆದ್ದಿತು. ಅನರ್ಹರಲ್ಲಿ 13 ಮಂದಿ ಆ ಪಕ್ಷದಿಂದ ನಿಂತಿದ್ದರು, 11 ಮಂದಿ ಗೆದ್ದರು. ಒಂದೂವರೆ ವರ್ಷದ ಹಿಂದೆ ಒಂದು ಗುರುತಿಗೆ ಹಾಕಿದ ಮತ ಅದೇ ಮನುಷ್ಯನ ಜೊತೆ ಇನ್ನೊಂದು ಗುರುತಿನ ಪಾಲಾಗಿತ್ತು. ಪಕ್ಷ ನೋಡಿ ಹಾಕಿದ್ದವರಿಗೆ ಆದ ನಷ್ಟಕ್ಕೆ ಯಾರೂ ಪರಿಹಾರ ಕೊಡಲಿಲ್ಲ.

ಆದ್ದರಿಂದ ಕಟ್ಟಾ ಬೆಂಬಲಿಗರು ಮೊದಲು ಕೇಳಬೇಕಾದ್ದು ತಮ್ಮ ಪಕ್ಷ ಯಾರಿಗೆ ಟಿಕೆಟ್ ಕೊಡುತ್ತಿದೆ ಎಂದು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ 3 ಗಂಟೆಗೆ ಮುಂಚೆ ಬಿ ಫಾರಂ, ಅಂದರೆ ನಮ್ಮ ಅಭ್ಯರ್ಥಿ ಇವರೇ ಎಂದು ಪಕ್ಷ ಕೊಡುವ ಪತ್ರ, ಚುನಾವಣಾಧಿಕಾರಿಯ ಕೈ ಸೇರಬೇಕು. ಆಮೇಲೆ ನಿಮಗೆ ಉಳಿಯುವುದು ಹೌದು ಅಥವಾ ಇಲ್ಲ, ಅಷ್ಟೇ. ಪಕ್ಷದ ವೀಕ್ಷಕರು ಅಭಿಪ್ರಾಯ ಸಂಗ್ರಹಕ್ಕೆ ಬಂದಾಗ ಹೋಗುವವರು ಆಕಾಂಕ್ಷಿಗಳ ಕಡೆಯವರು ಮಾತ್ರ. ಸಾಮಾನ್ಯ ಬೆಂಬಲಿಗರು ಮನೆಯಲ್ಲಿರುತ್ತಾರೆ. ಅದೇ ತಪ್ಪು. ಒಂದು ಬೂತಿನಿಂದ ಇಪ್ಪತ್ತು ಜನ ಸಹಿ ಹಾಕಿ, ಇಂಥವರಾದರೆ ನಮ್ಮ ಬೂತಿನಲ್ಲಿ ಕೆಲಸ ಮಾಡುವುದು ಕಷ್ಟ ಎಂದು ಬ್ಲಾಕ್ ಅಥವಾ ಮಂಡಲ ಅಧ್ಯಕ್ಷರಿಗೆ ಬರೆದುಕೊಟ್ಟರೆ ತಳ್ಳಿಹಾಕುವುದು ಅಷ್ಟು ಸುಲಭವಲ್ಲ. ಪಟ್ಟಿ ಬಂದಮೇಲೆ ಪಕ್ಷದ ಕಚೇರಿ ಮುಂದೆ ಟೈರ್ ಸುಟ್ಟರೆ ಹೊಗೆ ಬರುತ್ತದೆ, ಬಿ ಫಾರಂ ಬದಲಾಗುವುದು ಅಪರೂಪ.

ಕೈಯಲ್ಲಿ ಇನ್ನೊಂದು ದಾಖಲೆಯೂ ಇದೆ. ಕ್ರಿಮಿನಲ್ ಪ್ರಕರಣ ಬಾಕಿ ಇರುವವರಿಗೆ ಟಿಕೆಟ್ ಕೊಟ್ಟರೆ ಪಕ್ಷ 48 ಗಂಟೆಯೊಳಗೆ ಸಿ-7 ನಮೂನೆಯಲ್ಲಿ ಕಾರಣ ಪ್ರಕಟಿಸಬೇಕು. ಪ್ರಕರಣವಿಲ್ಲದ ಬೇರೆಯವರು ಏಕೆ ಆಗಲಿಲ್ಲ ಎಂದೂ ಬರೆಯಬೇಕು. ಗೆಲ್ಲುತ್ತಾರೆ ಎಂಬುದೊಂದೇ ಕಾರಣ ಆಗದು ಎಂದು ಸುಪ್ರೀಂ ಕೋರ್ಟ್ 2020ರ ಫೆಬ್ರವರಿಯಲ್ಲಿ ಹೇಳಿದೆ. ನಿಮ್ಮ ಪಕ್ಷದ ವೆಬ್‌ಸೈಟಿನಲ್ಲಿ ಆ ನಮೂನೆ ಹುಡುಕಿ ಓದಿ. "ಜನಪ್ರಿಯರು, ಸಮಾಜಸೇವಕರು" ಎಂದಷ್ಟೇ ಇದ್ದರೆ ಅದನ್ನೇ ಹಿಡಿದು ಸ್ಥಳೀಯ ಮುಖಂಡರನ್ನು ಕೇಳಿ. ಎದುರು ಪಕ್ಷದವರು ಕೇಳಿದರೆ ಅದು ಟೀಕೆ. ನೀವು ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.

ಇನ್ನು ಅಭ್ಯರ್ಥಿ ಕೊಡುವ ಅಫಿಡವಿಟ್, ಅಂದರೆ ನಮೂನೆ 26. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಸಿಗುತ್ತದೆ. ಬಹುತೇಕರು ಒಟ್ಟು ಆಸ್ತಿ ನೋಡಿ ಮುಚ್ಚಿಬಿಡುತ್ತಾರೆ. ಆ ಒಂದು ಅಂಕಿಯಿಂದ ತಿಳಿಯುವುದು ಕಡಿಮೆ. ಪಿತ್ರಾರ್ಜಿತ ಜಮೀನಿನ ಬೆಲೆ ಏರಿದರೂ ಅದು ಉಬ್ಬುತ್ತದೆ. ಸ್ಥಿರಾಸ್ತಿಯ ಕಲಂನಲ್ಲಿ ಪಿತ್ರಾರ್ಜಿತವೋ ಸ್ವಯಾರ್ಜಿತವೋ, ಕೊಂಡ ತಾರೀಖು ಯಾವುದು, ಕೊಂಡ ಬೆಲೆ ಎಷ್ಟು ಎಂದು ನೋಡಿ. ಅವರು ಅಧಿಕಾರದಲ್ಲಿದ್ದ ವರ್ಷಗಳಲ್ಲಿ ಕೊಂಡದ್ದೆಷ್ಟು ಎಂದು ಲೆಕ್ಕ ಹಾಕಿ, ಅದೇ ನಮೂನೆಯಲ್ಲಿರುವ ಐದು ವರ್ಷದ ಆದಾಯದ ಪಕ್ಕ ಇಡಿ. ಆದಾಯ ಗಂಡ, ಹೆಂಡತಿ, ಅವಲಂಬಿತರು ಎಲ್ಲರದ್ದೂ ಇರುತ್ತದೆ. ಹಿಂದಿನ ಚುನಾವಣೆಯ ಅಫಿಡವಿಟ್ ಜೊತೆ ಹೋಲಿಸಿದರೆ ಇನ್ನೂ ಒಳ್ಳೆಯದು. ತಪ್ಪದೆ ನೋಡಬೇಕಾದ ಇನ್ನೊಂದು ಕಲಂ ಸರ್ಕಾರದ ಜೊತೆಗಿನ ಗುತ್ತಿಗೆಗಳದ್ದು.

ಪ್ರಕರಣಗಳನ್ನು ಎಣಿಸಬೇಡಿ, ಯಾವ ಸೆಕ್ಷನ್ ಎಂದು ಓದಿ. ಅಕ್ರಮ ಕೂಟ, ರಸ್ತೆ ತಡೆ ಮುಂತಾದವು ಚಳವಳಿ ಮಾಡಿದ ಯಾರ ಮೇಲೂ ಇರುತ್ತವೆ. ವಂಚನೆ (ಹಳೆಯ ಐಪಿಸಿ 420, ಈಗಿನ ನ್ಯಾಯ ಸಂಹಿತೆಯ 318(4)), ಭ್ರಷ್ಟಾಚಾರ ತಡೆ ಕಾಯ್ದೆ, ಮಹಿಳೆಯರ ಮೇಲಿನ ಅಪರಾಧ, ಇವು ಬೇರೆಯೇ ತೂಕದವು. ಬರೀ ಎಫ್‌ಐಆರ್ ಆಗಿದೆಯೋ, ನ್ಯಾಯಾಲಯ ದೋಷಾರೋಪ ನಿಗದಿ ಮಾಡಿದೆಯೋ ಎಂಬ ವ್ಯತ್ಯಾಸವೂ ಅಲ್ಲೇ ಇರುತ್ತದೆ. ಅಭ್ಯರ್ಥಿ ಕಲಂ ಖಾಲಿ ಬಿಟ್ಟಿದ್ದರೆ ಅಧಿಕಾರಿಗಳು ಭರ್ತಿ ಮಾಡಿಸುತ್ತಾರೆ, ಬರೆದದ್ದು ನಿಜವೇ ಎಂದು ತನಿಖೆ ಮಾಡುವುದಿಲ್ಲ. ಸುಳ್ಳು ಬರೆದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ ಇದೆ. ನಮ್ಮ ಪ್ರಕಾರ ಇದು ತೀರ ಕಡಿಮೆ.

ಇಷ್ಟೆಲ್ಲ ಮಾಡಿದಮೇಲೂ ನಿಮ್ಮ ಪಕ್ಷ ನಿಮಗೆ ಒಪ್ಪದವರನ್ನೇ ನಿಲ್ಲಿಸಿದರೆ ಏನು ಮಾಡುವುದು? 2013ರಿಂದ ನೋಟಾ ಇದೆ. ಅದಕ್ಕೆ ಎಷ್ಟೇ ಬಿದ್ದರೂ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ, ಅಂದರೆ ಫಲಿತಾಂಶಕ್ಕೆ ಅದು ಮನೆಯಲ್ಲಿ ಕೂತಂತೆಯೇ. ನಿಮ್ಮ ಅಸಮಾಧಾನ ಲೆಕ್ಕಕ್ಕೆ ಸಿಗುತ್ತದೆ ಅನ್ನುವುದೊಂದೇ ಬೇರೆ. ಗೆಲುವಿನ ಅಂತರವಾದರೋ ಕೆಲವು ಸಲ ಬಲು ಚಿಕ್ಕದಾಗಿರುತ್ತದೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಗೆದ್ದದ್ದು 1 ಮತದಿಂದ, 2023ರಲ್ಲಿ ಜಯನಗರ ತೀರ್ಮಾನವಾದದ್ದು 16 ಮತಗಳಿಂದ.