ಕೊಟ್ಟೆಯನ್ನು ಯಾರು ಕಟ್ಟುತ್ತಾರೆ?

ವಿನ್ಯಾಸ ಕಲಿಯುತ್ತಿರುವ ಹತ್ತು ಹನ್ನೆರಡು ವಿದ್ಯಾರ್ಥಿಗಳನ್ನು ಕರೆದುಕೊಂಡು ಪ್ರತಿವರ್ಷ ಮೇ ತಿಂಗಳ ಕೊನೆಯಲ್ಲಿ ಶಿರಸಿಯ ಸಮೀಪದ ನನ್ನ ಊರಿಗೆ ಬರುತ್ತೇನೆ. ಮಳೆ ಹಿಡಿಯುವ ಮುಂಚಿನ ಈ ದಿನಗಳಲ್ಲಿ ತೋಟದ ಮನೆಗಳಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ಕಟ್ಟಿಗೆ ಒಳಗೆ ಸೇರಬೇಕು, ದರಕು (ಒಣ ಎಲೆ) ಕೊಟ್ಟಿಗೆಗೆ ಬರಬೇಕು, ಕಾಲುವೆಗಳ ಹೂಳು ತೆಗೆಯಬೇಕು, ಕೊಳೆರೋಗ ಬಾರದಂತೆ ಅಡಿಕೆ ಕೊನೆಗಳಿಗೆ, ಅಂದರೆ ಕಾಯಿಗೊಂಚಲುಗಳಿಗೆ, ಮದ್ದು ಹೊಡೆಸಬೇಕು ಇಲ್ಲವೇ ಕೊಟ್ಟೆಯೆಂಬ ಹೊದಿಕೆ ಕಟ್ಟಿಸಬೇಕು. ಒಂದು ವಸ್ತು ಹೇಗೆ ಕಾಣುತ್ತದೆ ಎಂಬುದಕ್ಕಿಂತ ಅದು ಯಾವ ಕೆಲಸದ ನಡುವೆ ಬಾಳುತ್ತದೆ ಎಂಬುದನ್ನು ನೋಡಲು ಇದಕ್ಕಿಂತ ಒಳ್ಳೆಯ ಕಾಲ ನನಗೆ ಗೊತ್ತಿಲ್ಲ.

ಕಳೆದ ಬಾರಿ ಬಂದವರಲ್ಲಿ ಒಬ್ಬ ಹುಡುಗಿ ಕೊಟ್ಟೆಯನ್ನೇ ತನ್ನ ಅಧ್ಯಯನದ ವಿಷಯವಾಗಿ ಆರಿಸಿಕೊಂಡಿದ್ದಳು. ನಮ್ಮ ಕಡೆ ಅಡಿಕೆ ಹಾಳೆಯಿಂದಲೋ ಕರಡ ಹುಲ್ಲಿನಿಂದಲೋ ಮಾಡಿ, ಮಳೆನೀರು ನೇರವಾಗಿ ಕಾಯಿಗೆ ಬೀಳದಂತೆ ಕೊನೆಗೆ ಹೊದಿಸಿ ಕಟ್ಟುತ್ತಿದ್ದ ಹೊದಿಕೆಗೆ ಕೊಟ್ಟೆ ಎನ್ನುತ್ತಾರೆ. ಮೂರೇ ದಿನಗಳಲ್ಲಿ ಅವಳು ಎಂಟು ಪುಟಗಳ ತುಂಬ ಚಿತ್ರ ಬರೆದಿದ್ದಳು. ಗಂಟಿನ ಬಗೆ, ಹಾಳೆಯ ಮಡಿಕೆ, ನೀರು ಜಾರುವ ದಿಕ್ಕು ಎಲ್ಲವೂ ಅಚ್ಚುಕಟ್ಟಾಗಿದ್ದವು. ಅಷ್ಟು ಸೂಕ್ಷ್ಮವಾಗಿ ನೋಡುವ ಕಣ್ಣು ಎಲ್ಲರಿಗೂ ಇರುವುದಿಲ್ಲ. ಚಿತ್ರಗಳ ಕೆಳಗೆ ಒಂದೇ ಒಂದು ವಾಕ್ಯವಿತ್ತು: ‘ಕೊಳೆರೋಗದಿಂದ ರಕ್ಷಿಸಲು ಅಡಿಕೆ ಕೊನೆಗಳಿಗೆ ಕೊಟ್ಟೆಯನ್ನು ಕಟ್ಟಲಾಗುತ್ತದೆ.’

ಯಾರು ಕಟ್ಟುತ್ತಾರೆ ಎಂದು ಕೇಳಿದೆ. ರೈತರು ಎಂದಳು. ಮರ ಹತ್ತುವವರು ಯಾರು, ಅವರು ಒಂದು ಮರದಿಂದ ಇಳಿದು ಇನ್ನೊಂದನ್ನು ಹತ್ತುತ್ತಾರೋ ಅಥವಾ ಮೇಲಿನಿಂದಲೇ ಪಕ್ಕದ ಮರಕ್ಕೆ ದಾಟುತ್ತಾರೋ, ಹತ್ತುವಾಗ ಕೊಟ್ಟೆಗಳು ಎಲ್ಲಿರುತ್ತವೆ, ಕಟ್ಟುವಾಗ ಎರಡೂ ಕೈ ಬಿಡುವಾಗಿರುತ್ತವೆಯೋ ಒಂದೇ ಕೈಯೋ ಎಂದು ಕೇಳುತ್ತ ಹೋದಂತೆ ಅವಳ ಮುಖ ಬದಲಾಯಿತು. ಎಂಟು ಪುಟಗಳ ಚಿತ್ರದಲ್ಲಿ ಒಂದಾದರೂ ಮನುಷ್ಯನ ಕೈ ಇರಲಿಲ್ಲ. ಚಿತ್ರದಲ್ಲಿ ಆ ಕೊರತೆ ಕಾಣಿಸುವುದಿಲ್ಲ, ಏಕೆಂದರೆ ಕೊಟ್ಟೆಯನ್ನು ಮಾತ್ರ ಬರೆದರೂ ಚಿತ್ರ ಪೂರ್ತಿಯಾಗಿಯೇ ತೋರುತ್ತದೆ. ವಾಕ್ಯದಲ್ಲಿ ಹಾಗಾಗುವುದಿಲ್ಲ, ಕ್ರಿಯಾಪದ ತನ್ನ ಕರ್ತೃವನ್ನು ಕೇಳುತ್ತದೆ. ಆ ಕೇಳಿಕೆಯಿಂದ ತಪ್ಪಿಸಿಕೊಳ್ಳಲು ನಾವು ‘ಕಟ್ಟಲಾಗುತ್ತದೆ’, ‘ಬಳಸಲಾಗುತ್ತದೆ’, ‘ಎಸೆಯಲಾಗುತ್ತದೆ’ ಎಂದು ಬರೆಯುತ್ತೇವೆ. ನಮ್ಮ ಆಡುಮಾತಿನಲ್ಲಿ ಹೆಚ್ಚುಕಡಿಮೆ ಇಲ್ಲದ ಈ ರೂಪ ವರದಿಗಳಲ್ಲಿ ಮಾತ್ರ ಇಷ್ಟು ಹುಲುಸಾಗಿ ಬೆಳೆದಿದೆ. ವಿನ್ಯಾಸದ ಬರವಣಿಗೆಯಲ್ಲಿ ಅದು ಮಾಡುವ ಹಾನಿ ಶೈಲಿಗೆ ಸಂಬಂಧಿಸಿದ್ದಷ್ಟೇ ಆಗಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ದುಡಿಯುವವನು ವಾಕ್ಯದಿಂದ ಜಾರಿಹೋದರೆ ಮುಂದೆ ವಸ್ತುವಿನ ಲೆಕ್ಕಾಚಾರದಿಂದಲೂ ಜಾರಿಹೋಗುತ್ತಾನೆ.

ಮರುದಿನ ಅವಳನ್ನು, ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರ ಬಳಿಗೆ ಕಳಿಸಿದೆ. ಕ್ಯಾಮೆರಾ ಬೇಡ, ಚಿತ್ರದ ಪುಸ್ತಕವೂ ಬೇಡ, ರೂಲು ಪುಸ್ತಕ ಮತ್ತು ಪೆನ್ನು ಮಾತ್ರ ಎಂದು ಹೇಳಿದ್ದೆ. ಅವರು ಅವಳಿಗೆ ಹೇಳಿದ ಮೊದಲ ಮಾತನ್ನು ಅವಳು ಇದ್ದಂತೆಯೇ ಬರೆದುಕೊಂಡು ಬಂದಳು: ‘ಕಟ್ಟುದು ನಾನೇ ಹೌದು ತಂಗಿ. ಆದ್ರೆ ಕಟ್ಟುದಕ್ಕಿಂತ ಮೊದ್ಲು ಯಾವ ತೋಟಕ್ಕೆ ಹೋಗುದು ಅಂತ ನೋಡ್ಬೇಕು. ಕೆಳಗಿನ ತೋಟದ್ದು ಮೊದ್ಲು. ಅಲ್ಲಿ ತಂಡಿ ಆರುದಿಲ್ಲ.’

ಈ ಮಾತಿನಲ್ಲಿ ಒಂದು ಪೂರ್ಣ ಸಂಶೋಧನೆಯೇ ಇದೆ. ಕೊಳೆರೋಗವನ್ನು ತರುವ ಫೈಟಾಫ್ತೊರಾ ಎಂಬ ರೋಗಾಣು ಮಳೆಹನಿಯ ಸಿಡಿತದೊಂದಿಗೆ ಕೊನೆಯಿಂದ ಕೊನೆಗೆ ಹರಡುತ್ತದೆ. ತೇವ ಆರದೆ ನಿಲ್ಲುವ, ಗಾಳಿ ಬೆಳಕು ಕಡಿಮೆ ಇರುವ ಕಣಿವೆಯ ತೋಟಗಳಲ್ಲಿ, ಮಳೆ ಬಿಟ್ಟುಬಿಟ್ಟು ಬಿಸಿಲು ಕಾಣಿಸಿಕೊಳ್ಳುವ ದಿನಗಳಲ್ಲಿ ಅದರ ಹಾವಳಿ ಹೆಚ್ಚು. ಕೊನೆಗೌಡರು ಇದನ್ನೇ ‘ತಂಡಿ ಆರುದಿಲ್ಲ’ ಎಂಬ ಎರಡು ಪದಗಳಲ್ಲಿ ಹೇಳಿದ್ದರು. ಕೊಟ್ಟೆಯ ಆಕಾರವನ್ನಷ್ಟೇ ಅಭ್ಯಾಸ ಮಾಡಿದವರಿಗೆ ಎಲ್ಲ ಮರಗಳೂ ಒಂದೇ. ಕಟ್ಟುವವರ ಕ್ರಮವನ್ನು ಬರೆದವರಿಗೆ ಮಾತ್ರ ಆ ಹೊದಿಕೆ ಜಾಗ ಮತ್ತು ಕಾಲವನ್ನು ಆಯ್ದು ಬಳಸುವ ವಸ್ತು ಎಂದು ತಿಳಿಯುತ್ತದೆ.

ವಿನ್ಯಾಸವೆಂದರೆ ಕೈಯಿಂದ ಮಾಡುವ ವಿದ್ಯೆ, ಅದಕ್ಕೆ ಬರವಣಿಗೆಯ ಹೊರೆ ಏಕೆ ಎಂದು ವಿದ್ಯಾರ್ಥಿಗಳು ಮಾತ್ರವಲ್ಲ, ಸಹೋದ್ಯೋಗಿಗಳೂ ಕೇಳುತ್ತಾರೆ. ನಮ್ಮ ದೇಶದ ವಿನ್ಯಾಸ ಶಿಕ್ಷಣ ಶುರುವಾದದ್ದೇ ಒಂದು ಬರಹದಿಂದ ಎಂಬುದನ್ನು ಅವರಿಗೆ ನೆನಪಿಸುತ್ತೇನೆ. ಭಾರತ ಸರ್ಕಾರದ ಆಹ್ವಾನದ ಮೇಲೆ ಬಂದು ದೇಶ ಸುತ್ತಿದ ಅಮೆರಿಕದ ವಿನ್ಯಾಸಕರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಒಂದು ವರದಿಯನ್ನು ಒಪ್ಪಿಸಿದರು. ಅದರ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಆರಂಭವಾಯಿತು. ತಾವು ಇಲ್ಲಿ ನೋಡಿ ಮೆಚ್ಚಿದ ವಸ್ತುಗಳಲ್ಲೆಲ್ಲ ಹಿರಿದೆಂದು ಅವರು ಎತ್ತಿ ಹೇಳಿದ್ದು ನಾವು ದಿನವೂ ಹಿಡಿಯುವ ತಂಬಿಗೆಯನ್ನು. ಅದರ ಚೆಲುವನ್ನು ಬಣ್ಣಿಸಿ ಅವರು ಸುಮ್ಮನಾಗಲಿಲ್ಲ. ಅದರಲ್ಲಿ ಎಷ್ಟು ನೀರು ಹಿಡಿಯಬೇಕು, ಹೊರುವವರ ಕೈ ಎಷ್ಟು ದೊಡ್ಡದು, ತಲೆಯ ಮೇಲೋ ಸೊಂಟದ ಮೇಲೋ, ತುಂಬಿದಾಗ ಮತ್ತು ಬರಿದಾದಾಗ ಅದರ ತೂಕ ಎಲ್ಲಿ ನಿಲ್ಲುತ್ತದೆ, ಸುರಿಯುವಾಗ ನೀರು ಹೇಗೆ ಬೀಳುತ್ತದೆ, ಮುಟ್ಟಿದರೆ ಹೇಗೆನಿಸುತ್ತದೆ, ಕೊನೆಗೆ ಲೋಹವಾಗಿ ಮಾರಿದರೆ ಏನು ಬೆಲೆ ಎಂದು ಪ್ರಶ್ನೆಯ ಮೇಲೆ ಪ್ರಶ್ನೆ ಬರೆದರು. ಸುಸ್ಥಿರತೆ ಎಂಬ ಪದ ಇಂದಿನ ಅರ್ಥದಲ್ಲಿ ರೂಢಿಗೆ ಬರುವುದಕ್ಕೆ ಎಷ್ಟೋ ಮೊದಲೇ, ವಸ್ತುವಿನ ಆಯುಸ್ಸು ಮುಗಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಆ ಸಾಲಿನಲ್ಲಿ ಸೇರಿತ್ತು. ಆ ಪ್ರಶ್ನೆಗಳನ್ನು ಬರೆಯದೆ ತಂಬಿಗೆಯ ಚಿತ್ರವನ್ನಷ್ಟೇ ಮುದ್ರಿಸಿದ್ದರೆ ಅದು ಒಂದು ಸುಂದರ ಪಾತ್ರೆಯಾಗಿ ಉಳಿಯುತ್ತಿತ್ತು.

ಇದನ್ನು ನಾನು ನಷ್ಟಪಟ್ಟೇ ಕಲಿತವನು. ನಾನು ವಿದ್ಯಾರ್ಥಿಯಾಗಿದ್ದಾಗ ಕೊನೆಯ ವರ್ಷದ ಕೆಲಸಕ್ಕೆ ಹಾಳೆಯನ್ನು ಬಿಸಿ ಅಚ್ಚಿನಲ್ಲಿ ಒತ್ತಿ ಕೊಟ್ಟೆ ಮಾಡುವ ಪ್ರಯತ್ನ ಮಾಡಿದ್ದೆ. ಹಾಳೆ ತಟ್ಟೆ ಒತ್ತುವ ಯಂತ್ರವೇ ಇದಕ್ಕೂ ಸಾಕೆಂಬುದು ನನ್ನ ಲೆಕ್ಕವಾಗಿತ್ತು. ನಮ್ಮ ತೋಟದ ನಲವತ್ತು ಮರಗಳಿಗೆ ಕಟ್ಟಿಸಿದೆ. ಆಷಾಢ ಕಳೆಯುವುದರೊಳಗೆ ಅವುಗಳಲ್ಲಿ ಹೆಚ್ಚಿನವು ಕೆಟ್ಟುಹೋದವು. ಒಪ್ಪಿಸಿದ ವರದಿಯಲ್ಲಿ ಹನ್ನೆರಡು ಪುಟಗಳ ಒಳ್ಳೆಯ ಛಾಯಾಚಿತ್ರಗಳಿದ್ದವು, ಕೊನೆಗೆ ‘ಇನ್ನಷ್ಟು ಪರೀಕ್ಷೆಯ ಅಗತ್ಯವಿದೆ’ ಎಂಬ ಒಂದು ಸಾಲಿತ್ತು. ಬರೆಯುವುದನ್ನು ನಮಗೆ ಯಾರೂ ಗಂಭೀರವಾಗಿ ಕಲಿಸಿರಲಿಲ್ಲ. ಬರಹ ಕೆಲಸ ಮುಗಿದ ಮೇಲೆ ಅಂಟಿಸುವ ಚೀಟಿಯೆಂದು ತಿಳಿದಿದ್ದೆವು. ಎಷ್ಟೋ ವರ್ಷಗಳ ನಂತರ ನನ್ನದೇ ವಿದ್ಯಾರ್ಥಿಯೊಬ್ಬ ಅದೇ ಕೆಲಸಕ್ಕೆ ಕೈಹಾಕಿ, ‘ಸರ್, ನಿಮ್ಮ ಕೊಟ್ಟೆಗಳು ಯಾಕೆ ಕೆಟ್ಟವು?’ ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಗಂಟಿನ ಬಳಿ ನೀರು ನಿಂತು ಹಾಳೆ ಮೆತ್ತಗಾಯಿತೋ, ಕಾಯಿ ದಪ್ಪವಾದಂತೆ ಹೊದಿಕೆ ಬಿಗಿದು ಸೀಳಿತೋ, ಒತ್ತುವಾಗ ಹಾಳೆ ಅತಿಯಾಗಿ ಒಣಗಿ ಬಿರುಸಾಗಿತ್ತೋ, ಛಾಯಾಚಿತ್ರಗಳನ್ನು ಎಷ್ಟು ಹೊತ್ತು ನೋಡಿದರೂ ತಿಳಿಯಲಿಲ್ಲ. ಆ ಹುಡುಗ ಮತ್ತೊಂದು ಇಡೀ ಮಳೆಗಾಲವನ್ನು ಅದೇ ತಪ್ಪಿಗೆ ಕೊಡಬೇಕಾಯಿತು. ಅಡಿಕೆಯಲ್ಲಿ ವರ್ಷಕ್ಕೆ ಒಂದೇ ಪ್ರಯೋಗ. ಬರೆದಿಡದ ಒಂದು ಸೋಲಿನ ಬೆಲೆ ಇನ್ನೊಬ್ಬರ ಒಂದು ವರ್ಷ.

1993ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನ ಪ್ರಾಧ್ಯಾಪಕ ಕ್ರಿಸ್ಟೋಫರ್ ಫ್ರೇಲಿಂಗ್ ಅವರು ವಿನ್ಯಾಸದ ಕುರಿತ ಸಂಶೋಧನೆ, ವಿನ್ಯಾಸದ ಮೂಲಕ ನಡೆಯುವ ಸಂಶೋಧನೆ, ವಿನ್ಯಾಸಕ್ಕಾಗಿ ಮಾಡುವ ಸಂಶೋಧನೆ ಎಂದು ಮಾಡಿದ ವಿಂಗಡಣೆಯನ್ನು ನಮ್ಮ ತರಗತಿಗಳಲ್ಲಿ ಇಂದಿಗೂ ಓದಿಸುತ್ತೇವೆ. ನಾನು ಮಾಡಿದ್ದು ಎರಡನೆಯ ಬಗೆಯದೆಂದು ಆಗ ಹೆಮ್ಮೆಪಟ್ಟಿದ್ದೆ. ಮಾಡುವುದರ ಮೂಲಕ ತಿಳಿದುಕೊಳ್ಳುವುದು ನಿಜವೇ. ಆದರೆ ತಿಳಿದದ್ದು ನನ್ನೊಬ್ಬನ ಬೆರಳುಗಳಲ್ಲೇ ಉಳಿದಿದ್ದರೆ ಅದನ್ನು ಸಂಶೋಧನೆ ಎಂದು ಕರೆಯುವ ಹಕ್ಕು ನನಗಿರಲಿಲ್ಲ ಎಂದು ಈಗ ಅನಿಸುತ್ತದೆ.

ಕೊಟ್ಟೆಗೂ ಮದ್ದಿಗೂ ಇರುವ ವ್ಯತ್ಯಾಸವನ್ನೇ ನೋಡಬಹುದು. ಕೊಳೆರೋಗಕ್ಕೆ ಹೊಡೆಯುವ ಮದ್ದಾದ ಬೋರ್ಡೋ ದ್ರಾವಣ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ್ದು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಬರೆದು ಪ್ರಕಟಿಸಿದರು, ಅದಕ್ಕೆ ಈ ದ್ರಾವಣದ ಸಿಂಪಡಣೆಯನ್ನು ರೂಢಿಗೆ ತಂದರು. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಬರಹಕ್ಕೆ ಆ ಗಡಿ ಅಡ್ಡಿಯಾಗಲಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಕಬ್ಬಿಣದ ಕತ್ತಿಯನ್ನು ಅದ್ದಿದಾಗ ಅಲಗಿಗೆ ಕೆಂಪು ಹತ್ತಿದರೆ ಇನ್ನೂ ಸುಣ್ಣ ಬೇಕು. ಅಳತೆ ಇದೆ, ಪರೀಕ್ಷೆ ಇದೆ, ಯಾರು ಬೇಕಾದರೂ ಓದಿ ಮಾಡಬಹುದು. ಕೊಟ್ಟೆಗೆ ಅಂಥ ಬರಹ ಸಿಗಲಿಲ್ಲ. ಅದು ಕೈಯಿಂದ ಕೈಗೆ ಬಂತು, ಕೈಗಳು ಕಡಿಮೆಯಾದಂತೆ ತಾನೂ ಕಡಿಮೆಯಾಯಿತು. ಅದರ ಜಾಗದಲ್ಲಿ ಈಗ ಪ್ಲಾಸ್ಟಿಕ್ ಕೊಟ್ಟೆ ಬಂದಿದೆ. ಗಾಳಿಗೆ ಹರಿದ ಅದರ ಚೂರುಗಳು ಮರದ ಬುಡದಲ್ಲಿ, ಕಾಲುವೆಯಲ್ಲಿ, ಕೊನೆಗೆ ಹೊಳೆಯಲ್ಲಿ ಕಾಣುತ್ತವೆ. ಮದ್ದಿನ ತಾಮ್ರವೂ ವರ್ಷ ವರ್ಷ ಮಣ್ಣಿನಲ್ಲಿ ಸೇರುತ್ತ ಹೋಗುತ್ತದೆ.

ಇಷ್ಟು ಕೇಳಿದ ವಿದ್ಯಾರ್ಥಿಗಳು ತಕ್ಷಣ ‘ಹಾಗಾದರೆ ಹಾಳೆ ಕೊಟ್ಟೆಯೇ ಪರಿಸರಸ್ನೇಹಿ’ ಎಂದು ಬರೆಯುತ್ತಾರೆ. ಆ ಪದವನ್ನು ನನ್ನ ತರಗತಿಯಲ್ಲಿ ಬಳಸಲು ಬಿಡುವುದಿಲ್ಲ. ಅದು ವಿಚಾರವನ್ನು ಅಲ್ಲಿಗೇ ಮುಗಿಸಿಬಿಡುತ್ತದೆ. ಅದರ ಬದಲು ‘ರೆ’ ಸೇರಿದ ವಾಕ್ಯಗಳನ್ನು ಬರೆಯಿರಿ ಎನ್ನುತ್ತೇನೆ: ಹಾಳೆಯನ್ನೆಲ್ಲ ತಟ್ಟೆಯ ಕಾರ್ಖಾನೆ ಕೊಂಡುಕೊಂಡರೆ ಕೊಟ್ಟೆಗೆ ಹಾಳೆ ಎಲ್ಲಿಂದ, ಮರ ಹತ್ತುವವರು ಸಿಗದಿದ್ದರೆ ಕಟ್ಟುವವರು ಯಾರು, ಮೊದಲ ಮಳೆ ಬೇಗ ಬಂದರೆ ಒದ್ದೆ ಮರಕ್ಕೆ ಅವರನ್ನು ಹತ್ತಿಸುವುದು ಸರಿಯೇ. ಸುಸ್ಥಿರತೆಯ ಕಷ್ಟವೆಲ್ಲ ಇಂಥ ವಾಕ್ಯಗಳಲ್ಲಿ ಇದೆ, ಅದನ್ನು ಚಿತ್ರದಲ್ಲಿ ಬರೆಯುವ ದಾರಿ ನನಗಂತೂ ಸಿಕ್ಕಿಲ್ಲ. ಕುಮಟಾದ ಕಡೆ ಅಘನಾಶಿನಿಯ ಅಳಿವೆಯ ಗಜನಿ ಗದ್ದೆಗಳಿಗೆ ಕರೆದೊಯ್ದಾಗಲೂ ಇದೇ ಅನುಭವ. ಉಪ್ಪುನೀರು ತಾಳಿಕೊಳ್ಳುವ ಕಗ್ಗ ಭತ್ತದ ಆ ಗದ್ದೆಗಳ ಕಟ್ಟೆಯನ್ನೂ ಹಲಗೆಯ ಬಾಗಿಲನ್ನೂ ಯಾರಾದರೂ ಚಿತ್ರಿಸಬಹುದು. ಸಮುದ್ರದ ಭರತ ಏರಿದಾಗ, ಇಳಿದಾಗ, ಅಮಾವಾಸ್ಯೆ ಹುಣ್ಣಿಮೆಗಳಂದು ಆ ಬಾಗಿಲಿನ ಬಳಿ ಯಾರು ಇರಬೇಕು ಎಂಬುದನ್ನು ಬರೆದೇ ತಿಳಿಸಬೇಕು. ಕಾರವಾರದ ಒಬ್ಬ ಹುಡುಗ ಅದನ್ನು ಮೊದಲು ತನ್ನ ಮನೆಮಾತಾದ ಕೊಂಕಣಿಯಲ್ಲಿ ಬರೆದು ಆಮೇಲೆ ಕನ್ನಡಕ್ಕೆ ತಂದ. ನೇರವಾಗಿ ಇಂಗ್ಲಿಷಿನಲ್ಲಿ ಬರೆದಿದ್ದ ಅವನ ಹಿಂದಿನ ವರದಿಗಿಂತ ಅದು ಎಷ್ಟೋ ಪಾಲು ಮೇಲಾಗಿತ್ತು, ಏಕೆಂದರೆ ನೀರಿನ ಚಲನೆಗೆ ಅವನಿಗೆ ಗೊತ್ತಿದ್ದ ಪದಗಳೆಲ್ಲ ಕೊಂಕಣಿಯಲ್ಲಿದ್ದವು.

ಆ ಹುಡುಗಿಯ ವಿಷಯಕ್ಕೆ ಮರಳುತ್ತೇನೆ. ಎರಡನೆಯ ಕರಡಿನಲ್ಲಿ ಅವಳು ಕರಡ ಹುಲ್ಲು ಎಲ್ಲಿಂದ ಬರುತ್ತದೆ ಎಂದು ಬರೆಯಲು ಹೊರಟು ಅರ್ಧಕ್ಕೆ ನಿಂತಳು. ಬ್ಯಾಣದಿಂದ, ಅಂದರೆ ಹುಲ್ಲು ಬೆಳೆಯುವ ಗುಡ್ಡದ ಬಯಲಿನಿಂದ, ಎಂದು ಎಲ್ಲರೂ ಹೇಳಿದ್ದರು, ಬ್ಯಾಣವನ್ನು ತೋರಿಸಿದವರು ಮಾತ್ರ ಇರಲಿಲ್ಲ. ವಾಕ್ಯ ಮುಗಿಸಲೆಂದೇ ಅವಳು ಹಿರಿಯರೊಬ್ಬರ ಜೊತೆ ಗುಡ್ಡ ಹತ್ತಿದಳು. ಅವರು ಚಿಕ್ಕವರಿದ್ದಾಗ ಕರಡ ಕೊಯ್ದ ಜಾಗದಲ್ಲಿ ಈಗ ಅಕೇಶಿಯಾ ನೆಡುತೋಪು ಇತ್ತು. ಕೆಳಗೆ ಒಣ ಎಲೆಯ ಹಾಸು, ಹುಲ್ಲಿನ ಎಳೆಯೂ ಇಲ್ಲ. ಹುಲ್ಲಿನ ಕೊಟ್ಟೆ ಹೋದದ್ದಕ್ಕೆ ಪ್ಲಾಸ್ಟಿಕ್ಕಿನ ಅಗ್ಗದ ಬೆಲೆಯೊಂದೇ ಕಾರಣ ಎಂದು ಮೊದಲ ಕರಡಿನಲ್ಲಿ ನಾವೆಲ್ಲರೂ, ನಾನೂ ಸೇರಿ, ಒಪ್ಪಿಕೊಂಡಿದ್ದೆವು.

ಮೂರನೆಯ ಕರಡನ್ನು ಅವಳು ಕೊನೆಗೌಡರ ಮನೆಯ ಜಗಲಿಯಲ್ಲಿ ಕುಳಿತು ಅವರಿಗೇ ಓದಿ ಹೇಳಿದಳು. ಯಾರ ಕೆಲಸದ ಬಗ್ಗೆ ಬರೆಯುತ್ತೇವೋ ಅವರ ಮುಂದೆ ಓದದೆ ಯಾವ ಬರಹವನ್ನೂ ಒಪ್ಪಿಸಬಾರದೆಂಬ ನಿಯಮವನ್ನು ನಾನು ಮಾಡಿಕೊಂಡಿದ್ದೇನೆ. ಅವರು ಕವಳ ಹಾಕುತ್ತ ಕೊನೆಯವರೆಗೂ ಕೇಳಿದರು. ತಮ್ಮ ಮಾತು ಪುಸ್ತಕದಲ್ಲಿ ಇದ್ದಂತೆಯೇ ಬಂದಿದ್ದಕ್ಕೆ ಒಮ್ಮೆ ನಕ್ಕರು. ಆಮೇಲೆ, ‘ಜೂನ್ ಮೂರನೇ ವಾರದೊಳಗೆ ಅಂತ ಬರ್ದಿದ್ಯಲೆ ತಂಗಿ, ಅದು ಸಾಲುದಿಲ್ಲ. ಆರಿದ್ರಾ ಮಳೆ ಹಿಡಿಯುದ್ರೊಳಗೆ ಅಂತ ಬರಿ. ತಾರೀಕು ನಿಂಗೆ, ಮಳೆ ನಮ್ಗೆ’ ಎಂದರು. ಅವಳು ತಾರೀಕನ್ನು ಹೊಡೆದುಹಾಕಲಿಲ್ಲ. ಅದರ ಮುಂದೆಯೇ ಆರಿದ್ರಾ ಮಳೆಯನ್ನೂ ಬರೆದಳು. ಅವರ ಮಗ ಆ ಪ್ರತಿಯ ಝೆರಾಕ್ಸ್ ಒಂದನ್ನು ಕೇಳಿ ಇಟ್ಟುಕೊಂಡಿದ್ದಾನೆ.