ಗೌರಿ ಹೂ ಅರಳಿದೆ

ಮೈಸೂರಿನ ನಮ್ಮ ಮನೆ ಕಾಂಪೌಂಡಿನಲ್ಲಿ ಅಗ್ನಿಶಿಖೆ ಹೂ ಬಿಟ್ಟಿದೆ. ಗೌರಿ ಹೂ ಅಂತಲೂ ಅನ್ನುತ್ತಾರಲ್ವಾ, ಅದೇ.

ಮೊಗ್ಗು ಹಸಿರಾಗಿ ತಲೆ ಬಗ್ಗಿಸಿಕೊಂಡಿರುತ್ತದೆ. ಅರಳುತ್ತಾ ಎಸಳುಗಳು ಹಿಂದಕ್ಕೆ ಮಡಚಿ ಮೇಲಕ್ಕೆ ನಿಲ್ಲುತ್ತವೆ. ಬುಡ ಹಳದಿ, ತುದಿ ಕೆಂಪು, ಅಂಚೆಲ್ಲ ಅಲೆ ಅಲೆ. ದಿನ ಕಳೆದಂತೆ ಇಡೀ ಹೂವೇ ಕೆಂಪಾಗುತ್ತದೆ. ಎಲೆಯ ತುದಿಯೇ ಸುರುಳಿಯಾಗಿ ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ, ಮಗು ಬೆರಳು ಹಿಡಿದ ಹಾಗೆ. ನೋಡುತ್ತಾ ಸುಮ್ನೆ ನಿಂತುಬಿಡುತ್ತೇನೆ.

ಆರೈಕೆ ಜಾಸ್ತಿ ಬೇಡ. ನೀರು ನಿಲ್ಲದ ಮಣ್ಣು, ಹಬ್ಬೋಕೆ ಆಸರೆ, ಅಷ್ಟೇ. ಮಳೆಗಾಲ ಮುಗಿದ ಮೇಲೆ ಬಳ್ಳಿ ಒಣಗುತ್ತದೆ. ಸತ್ತುಹೋಯ್ತು ಅಂತ ಕಿತ್ತುಹಾಕಬೇಡಿ, ನೀರೂ ಹಾಕಬೇಡಿ. ಗಡ್ಡೆ ಮಣ್ಣೊಳಗೆ ಮಲಗಿರುತ್ತದೆ, ಮುಂಗಾರಿಗೆ ಮತ್ತೆ ಚಿಗುರುತ್ತದೆ. ನಾವು ಎಲ್ಲಿ ನೆಟ್ಟರೂ ಅದು ನಡೆಯೋದು ಕಾಡಿನ ಪಂಚಾಂಗದ ಪ್ರಕಾರವೇ. ನನಗೆ ಅದೇ ತುಂಬಾ ಇಷ್ಟ.

ಇಡೀ ಗಿಡ ವಿಷ, ನೆನಪಿರಲಿ. ಗಡ್ಡೆ, ಬೀಜಗಳಲ್ಲಿ ಕಾಲ್ಚಿಸಿನ್ ಅನ್ನೋ ವಿಷ ಜಾಸ್ತಿ. ಮಕ್ಕಳು, ದನ, ನಾಯಿಗೆ ಸಿಗದ ಕಡೆ ಬೆಳೆಸಿ.

ಇನ್ನೊಂದು ವಿಷಯ. ಬೆಟ್ಟದಿಂದಲೋ ಕಾಡಿಂದಲೋ ಗಡ್ಡೆ ಅಗೆದು ತರಬೇಡಿ. ಔಷಧಿಗೆ ಅಂತ ಅಗೆದೂ ಅಗೆದೂ ಎಷ್ಟೋ ಕಡೆ ಕಮ್ಮಿಯಾಗಿದೆ. ನರ್ಸರಿಯಲ್ಲಿ ಬೆಳೆಸಿದ್ದನ್ನೇ ಕೇಳಿ ತನ್ನಿ. ಬೀಜದಿಂದಲೂ ಬರುತ್ತದೆ, ಆದರೆ ಹೂ ನೋಡೋಕೆ ಕೆಲವು ವರ್ಷ ಕಾಯಬೇಕು.